ಮಗ್ಗ ನಿಂತರೆ ಚೋಟ್ಯಾ

"ನಮ್ಮ ಮನ್ಯಾಗ ಎರಡು ನಾಯಿ ಅದಾವ್ರಿ ಸಾಹೇಬ್ರ. ಒಂದಕ್ಕ ಬಾಲ ಐತಿ, ಇನ್ನೊಂದಕ್ಕ ಇಲ್ಲ. ಅಷ್ಟ ಫರಕ."

ನೀಲಪ್ಪ ಹೀಗೆಂದು ಅಕ್ಕನ ಮಗ ಫಕ್ಕೀರಪ್ಪನ ಕಡೆ ಗದ್ದ ಎತ್ತಿ ತೋರಿಸಿದ. ಕಟ್ಟೆಯ ಮೇಲೆ ಕುಳಿತಿದ್ದ ಬೆಟಗೇರಿಯ ಆ ಓಣಿಯ ನೇಕಾರರೆಲ್ಲ ಹೋ ಎಂದು ನಕ್ಕರು. ಲಕ್ಷ್ಮೇಶ್ವರದಿಂದ ಸೀರೆ ನೋಡಲು ಬಂದಿದ್ದ ವ್ಯಾಪಾರಿ ಮಕ್ತುಮಸಾಬ ಮಾತ್ರ ನಗಲಿಲ್ಲ. ಅವನ ಧೋತರದ ಚುಂಗು ಇನ್ನೂ ಚೋಟ್ಯಾನ ಬಾಯಲ್ಲಿತ್ತು. ಮೊಳದುದ್ದದ ನಾಯಿ, ಗಂಟಲು ಮಾತ್ರ ಗಿರಣಿಯ ಭೋಂಗಾ. ಹೊಸ್ತಿಲಿಗೆ ಯಾರ ಕಾಲು ಬಿದ್ದರೂ ಓಣಿ ಎಬ್ಬಿಸುತ್ತಿತ್ತು.

ಸಾಹೇಬ ಒಳಗೆ ಬರದೆ ತಿರುಗಿ ಬಸ್ಸಿಗೆ ಹೋದ. ನೀಲಪ್ಪ ಒಂದು ಗೋಣಿಚೀಲ ತಂದು ಗೂಟಕ್ಕೆ ನೇತುಹಾಕಿದ.

"ಮುಂದಿನ ವಾರ ಅವರು ಮತ್ತ ಬರ್ತಾರ. ಆವತ್ತು ಇದು ಒದರಿತಂದ್ರ ಈ ಚೀಲದಾಗ ತುಂಬಿ ಮಲ್ಲಸಮುದ್ರದ ಆಚಿ ಒಗದು ಬರ್ತೀನಿ. ತಿಳೀತೇನ್ಲೇ?"

ಫಕ್ಕೀರಪ್ಪನಿಗೆ ಮೈಯೆಲ್ಲ ಉರಿಯಿತು. ಮಾಸ್ತರರ ಜೊತೆ ಜಗಳವಾಡಿ ಐದನೇ ಇಯತ್ತೆಗೇ ಶಾಲೆ ಬಿಟ್ಟವನು. ಉಣ್ಣುವುದು ಮಾವನ ರೊಟ್ಟಿ, ನೇಯುವುದು ಮಾವನ ಮಗ್ಗ. ತನ್ನದು ಅನ್ನುವುದು ಟಾಂಗಾ ಸ್ಟ್ಯಾಂಡಿನಿಂದ ಎತ್ತಿ ತಂದ ಈ ಪ್ರಾಣಿಯೊಂದೇ.

ಅದರ ಬಾಯಿಗೆ ಅರಿವೆ ಕಟ್ಟಿದ, ಕೆದರಿ ಬಿಚ್ಚಿಕೊಂಡಿತು. ಬೊಗಳಿದಾಗಲೆಲ್ಲ ರೊಟ್ಟಿ ತುಣುಕು ಒಗೆದ. ರೊಟ್ಟಿಯಾಸೆಗೆ ಇನ್ನಷ್ಟು ಬೊಗಳಿತು. ಸಿಟ್ಟಿನಿಂದ ಕೈಯೆತ್ತಿದ, ಅದು ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿತು. ಎತ್ತಿದ ಕೈ ಇಳಿಯಿತು. ರಾತ್ರಿ ನಿದ್ದೆಯಿಲ್ಲ, ಹಗಲು ನೂಲು ಹರಿಯುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ದುರಗವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಫಕ್ಕೀರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಮುನಿಸಿನಲ್ಲಿ ತಲೆ ಎತ್ತಲಿಲ್ಲ.

"ಯಾಕೋ, ನಿನ್ನ ನಾಯಿಗೇನಾಗೇತಿ? ನಾ ಒಳಗ ಬಂದು ನಿಂತರೂ ಸುಮ್ಮ ಬಿದ್ದೈತಲ್ಲ?"

ಮಜ್ಜಿಗೆ ಕೊಡಲೆಂದು ಅವನು ಎದ್ದ. ಮಗ್ಗದ ಲಟಪಟ ನಿಂತಿತು. ಚೋಟ್ಯಾ ಜಿಗಿದೆದ್ದು ದುರಗವ್ವನ ಮೇಲೆ ಹರಿಹಾಯ್ದಿತು. ಅವನು ಮತ್ತೆ ಕುಳಿತು ಲಾಳಿ ಹೊಡೆದ. ನಾಯಿ ಗುರುಗುಟ್ಟಿ, ಒಂದು ಸುತ್ತು ತಿರುಗಿ, ಕುಣಿಯ ಅಂಚಿಗೆ ಮಲಗಿತು.

"ಅತ್ತೀ, ಹೊರಗ ಹೋಗಿ ಮತ್ತೊಮ್ಮಿ ಬಾ."

"ನನಗ ಬ್ಯಾರೆ ಕೆಲಸ ಇಲ್ಲೇನೋ ಹುಚ್ಚಪ್ಯಾಲಿ?" ಎನ್ನುತ್ತಲೇ ಹೋಗಿ ಬಂದಳು. ನಾಯಿ ಕಣ್ಣು ತೆರೆಯಲಿಲ್ಲ.

ಹಿರಿಯರು ಹೊಸ್ತಿಲು ದಾಟಿದರೆ ಮಗ್ಗ ನಿಲ್ಲಿಸಿ ಎದ್ದು 'ಬರ್ರಿ' ಎನ್ನುವುದು ಆ ಮನೆಯ ಮರ್ಯಾದೆ. ಚೋಟ್ಯಾ ಬೆದರುತ್ತಿದ್ದದ್ದು ಬಂದವರಿಗಲ್ಲ, ಮಗ್ಗದ ಸದ್ದು ನಿಂತದ್ದಕ್ಕೆ. ಇದನ್ನು ಅವ್ವ ಅಮೃತವ್ವನಿಗೆ ಹೇಳಿದ. ಮಾವನಿಗೆ ಹೇಳಲು ಮನಸ್ಸಾಗಲಿಲ್ಲ. ತನ್ನನ್ನೇ ನಾಯಿ ಎಂದವನ ಮುಂದೆ ಹೋಗಿ ಏನು ಹೇಳುವುದು?

ಮಕ್ತುಮಸಾಬ ಬಂದ ದಿನ ಓಣಿಯವರೂ ತಮಾಷೆ ನೋಡಲು ಬಾಗಿಲಲ್ಲಿ ಸೇರಿದರು.

"ಬರ್ರಿ ಸಾಹೇಬ್ರ, ಕುಂಡ್ರಿ," ಎಂದು ನೀಲಪ್ಪ ಜಮಖಾನೆ ಹಾಸಿದ. ಏಳು ಎಂದು ಅಳಿಯನಿಗೆ ಕಣ್ಣು ಬಿಟ್ಟ. ಫಕ್ಕೀರಪ್ಪ ಏಳಲಿಲ್ಲ. ಬೆವರು ಕಣ್ಣಿಗಿಳಿದರೂ ಒರೆಸದೆ ಲಾಳಿ ಹೊಡೆದ. ಚೋಟ್ಯಾ ಒಂದು ಕಿವಿ ಎತ್ತಿ, ಮತ್ತೆ ಗದ್ದ ಊರಿತು. ಸಾಹೇಬ ಸೆರಗು ಮುಟ್ಟಿ ನೋಡಿದ, ಒಂದು ಗಂಟು ಸೀರೆ ಆರಿಸಿ ಬದಿಗಿಟ್ಟ, ಚಹಾದ ಬಸಿ ಕೈಗೆತ್ತಿಕೊಂಡ.

ನೀಲಪ್ಪ ಹಿಗ್ಗಿದ. "ನೋಡ್ರಿ, ನಾಯಿ ಸುದ್ದಾತು! ಇಂವಾ ಆಗ್ಲಿಲ್ಲ. ಹಿರೇರು ಬಂದ್ರ ಏಳಬೇಕಂತ ಖಬರ ಇಲ್ಲ. ಬಾಲ ಇದ್ದದ್ದ ಚಲೋ!"

ಬಾಗಿಲಲ್ಲಿ ನಗೆ ಎದ್ದಿತು.

"ನೀಲ್ಯಾ, ಅಂವಾ ಎದ್ದಿದ್ರ..." ಎಂದು ಅಮೃತವ್ವ ಬಾಯಿ ತೆರೆದಳು. ಮಗ ನೋಡಿದ ನೋಟಕ್ಕೆ ಸುಮ್ಮನಾದಳು.

ಫಕ್ಕೀರಪ್ಪ ಲಾಳಿ ಇಟ್ಟ. ಕಾಲು ನಿಂತವು. ಕುಣಿಯಿಂದ ಮೇಲೆ ಬಂದ.

ಚೋಟ್ಯಾ ಎದ್ದಿತು. ಒಮ್ಮೆ ಬೊಗಳಿದ್ದಕ್ಕೇ ಸಾಹೇಬನ ಕೈಯ ಬಸಿ ಜಾರಿತು. ನೀಲಪ್ಪ ಗೂಟದ ಚೀಲಕ್ಕೆ ಕೈ ಚಾಚಿದ. ಅಷ್ಟರಲ್ಲಿ ಫಕ್ಕೀರಪ್ಪ ನಾಯಿಯನ್ನು ಬಗಲಿಗೆ ಎತ್ತಿಕೊಂಡು ಮಂದಿಯನ್ನು ಸರಿಸುತ್ತ ಹೊಸ್ತಿಲು ದಾಟಿದ್ದ.

ಮಕ್ತುಮಸಾಬ ನಿಂತ ಮಗ್ಗವನ್ನು ನೋಡಿದ, ನಾಯಿಯನ್ನು ನೋಡಿದ.

"ತಮ್ಮಾ, ನಿಂದ್ರೋ! ಇದಕ್ಕಾಗೇ ಏಳಲಿಲ್ಲೇನ ನೀನು?"

ಫಕ್ಕೀರಪ್ಪ ತಿರುಗಲಿಲ್ಲ. ಬಗಲಲ್ಲಿ ಚೋಟ್ಯಾ ಹಿಂದಕ್ಕೆ ಮುಖ ಮಾಡಿ ಬೊಗಳುತ್ತಿತ್ತು. ಅವನು ಅದರ ಬಾಯಿ ಹಿಡಿಯದೆ ಓಣಿ ದಾಟಿ ನಡೆದ.