ಅತ್ತೆಯನ್ನು ಎತ್ತುವ ಯಂತ್ರ

ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದರಲ್ಲಿ ಸೊಸೆಯದು ಪಳಗಿದ ಕೈ. ಅತ್ತೆಯ ಕಾಲುಗಳು ಸೋತು ಹಾಸಿಗೆ ಹಿಡಿದಾಗ, "ನಾನಿರುವಾಗ ಚಿಂತೆ ಯಾಕೆ?" ಎಂದು ಅಂಗಡಿಯಲ್ಲಿ ಮೋಟರು ಎತ್ತುತ್ತಿದ್ದ ಪುಟ್ಟ ಹಾಯ್ಸ್ಟ್ ಯಂತ್ರವನ್ನೇ ತಂದು ಮಂಚದ ಮೇಲಿನ ತೊಲೆಗೆ ಬಿಗಿದಳು. ಅದರ ಕೊಕ್ಕೆಗೆ ಪಟ್ಟಿಯ ಜೋಲಿ ಸಿಕ್ಕಿಸಿ ಅತ್ತೆಯನ್ನು ಎತ್ತುವುದು, ಮಂಚ ಸರಿಸಿ ಕೆಳಗೆ ಗಾಲಿಕುರ್ಚಿ ತಳ್ಳುವುದು, ಅಷ್ಟೇ ಕೆಲಸ.

ಗುಂಡಿ ಒತ್ತಿದೊಡನೆ ಯಂತ್ರ ಗಕ್ಕನೆ ಜಗ್ಗುತ್ತಿತ್ತು. "ನನ್ನೇನು ಬಾವಿಯ ಬಿಂದಿಗೆ ಅಂದ್ಕೊಂಡಿದ್ದೀಯೇನೇ?" ಎಂದು ಅತ್ತೆ ನಗುತ್ತಿದ್ದರು. ಕಬ್ಬಿಣಕ್ಕೆ ಒಗ್ಗುವ ವೇಗ ಮುದಿ ಮೂಳೆಗೆ ಒಗ್ಗದೆಂದು ಗೊತ್ತಿದ್ದೂ, ಬಿಡುವಾದಾಗ ನೋಡಿದರಾಯಿತು ಎಂದು ಸೊಸೆಯೂ ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ಬೆಳಿಗ್ಗೆ ಗಂಡ ತನ್ನಮ್ಮನನ್ನು ಎತ್ತುತ್ತಿದ್ದ. ಬೀದಿಯಿಂದ ಯಾರೋ ಕೂಗಿದರೆಂದು ಕಿಟಕಿಯತ್ತ ತಿರುಗಿದ. ಬೆರಳು ಗುಂಡಿಯ ಮೇಲೇ ಉಳಿಯಿತು. ಕೊಕ್ಕೆ ಮೇಲೇರಿ ಯಂತ್ರಕ್ಕೇ ಧಡ್ಡನೆ ಬಡಿಯಿತು. ಆ ಹೊಡೆತಕ್ಕೆ ಜೋಲಿಯ ಒಂದು ಪಟ್ಟಿ ಕೊಕ್ಕೆಯಿಂದ ಕಳಚಿ, ಅತ್ತೆ ಮಂಚದ ಅಂಚಿನ ಮೇಲೆ ಬಿದ್ದರು.

ಮೂಳೆ ಮುರಿದಿಲ್ಲ ಎಂದರು ವೈದ್ಯರು. ಭುಜ ಮಾತ್ರ ನೀಲಿಗಟ್ಟಿತು. "ಕಣ್ಣೆಲ್ಲಿಟ್ಟಿದ್ದೆಯೋ?" ಎಂದು ಅತ್ತೆ ಮಗನನ್ನು ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಯಂತ್ರದ ತಂಟೆಗೇ ಹೋಗದೆ ಅಮ್ಮನನ್ನು ತೋಳಲ್ಲೇ ಎತ್ತತೊಡಗಿದ.

ಕೊಕ್ಕೆ ತೀರಾ ಮೇಲೆ ಹೋಗುವ ಮೊದಲೇ ಯಂತ್ರವನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚೊಂದು ಅದರಲ್ಲಿತ್ತು. ದೊಡ್ಡ ಮೋಟರುಗಳನ್ನು ಎತ್ತಲು ಇನ್ನೊಂದು ಗೇಣು ಎತ್ತರ ಸಿಗಲೆಂದು ಅದರ ತಂತಿ ಕಿತ್ತಿಟ್ಟವಳು ಸೊಸೆಯೇ. ಮನೆಗೆ ತರುವಾಗ ಮತ್ತೆ ಜೋಡಿಸಲಿಲ್ಲ. ಗಂಡ ಬೈಸಿಕೊಳ್ಳುವಾಗ ಬಾಯಿ ಬಿಡಲೂ ಇಲ್ಲ.

ಗಂಡ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದನ್ನು ಕಂಡ ದಿನ ಅವಳಿಗೆ ತಡೆಯಲಾಗಲಿಲ್ಲ. ಅತ್ತೆಯ ಮುಂದೆ ಹೋಗಿ ಕೂತಳು.

"ತಪ್ಪು ಅವರದಲ್ಲ ಅತ್ತೆ. ಅದು ತಾನಾಗೇ ನಿಲ್ಲಬೇಕಿತ್ತು. ನಿಲ್ಲದ ಹಾಗೆ ಮಾಡಿದ್ದು ನಾನು."

"ಅವನಿಗೆ ಬೈಯುವಾಗ ನೀನು ಪಕ್ಕದಲ್ಲೇ ನಿಂತಿದ್ದೆ" ಎಂದರು ಅತ್ತೆ.

"ನಾನೂ ಬೆರಳು ತೆಗೀಬೇಕಿತ್ತು ಬಿಡಮ್ಮ" ಎಂದ ಬಾಗಿಲಲ್ಲಿ ನಿಂತಿದ್ದ ಗಂಡ. ಅವಳ ಮುಖ ಇನ್ನಷ್ಟು ಕುಗ್ಗಿತು.

ಅಂಗಡಿಗೆ ಬೀಗ ಹಾಕಿ ಅವಳು ಯಂತ್ರವನ್ನು ಬಿಚ್ಚಿ ಹರಡಿದಳು. ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುವಂತೆ ಬೇರೆ ಮೋಟರು, ಅದರ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ ಕೂರಿಸಿದಳು. ಕಿತ್ತ ತಂತಿ ಜೋಡಿಸಿದಳು. ಅದೂ ಕೈಕೊಟ್ಟರೆ ಇರಲೆಂದು ಮೇಲೆ ಇನ್ನೊಂದು ಸ್ವಿಚ್ ಹಾಕಿದಳು. ಪಟ್ಟಿ ಕಳಚದಂತೆ ಕೊಕ್ಕೆಯ ಬಾಯಿಗೆ ಸ್ಪ್ರಿಂಗಿನ ಅಗುಳಿ. ಅತ್ತೆಗಿಂತ ಭಾರದ ಮರಳು ಮೂಟೆಗಳನ್ನು ಎತ್ತಿಳಿಸಿ ನೋಡಿದಳು.

"ಮೊದಲು ನೀನು ಕೂರು. ಗುಂಡಿ ನನ್ನ ಕೈಗೆ ಕೊಡು" ಎಂದರು ಅತ್ತೆ.

ಕೂತಳು. ಜೋಲಿ ಮೆಲ್ಲಗೆ ಮೇಲೇರಿತು. ಅತ್ತೆ ಬೆರಳು ತೆಗೆಯಲೇ ಇಲ್ಲ. ತೊಲೆ ಹತ್ತಿರವಾಯಿತು, ಅವಳು ಪಟ್ಟಿಗಳನ್ನು ಗಟ್ಟಿಯಾಗಿ ಹಿಡಿದಳು. ಯಂತ್ರ ತಾನಾಗೇ ನಿಂತಿತು.

"ಭಯ ಆಯ್ತಾ?"

"ಆಯ್ತು ಅತ್ತೆ."

"ಹ್ಞೂಂ" ಎಂದು ಅತ್ತೆ ಅವಳನ್ನು ನಿಧಾನವಾಗಿ ಇಳಿಸಿದರು.

ಮರುದಿನದಿಂದ ಅತ್ತೆ ಮತ್ತೆ ಜೋಲಿಯಲ್ಲಿ ಕೂತರು. ಮಗನ ಸೊಂಟ ಸುಧಾರಿಸಿತು. ಯಂತ್ರ ಒಮ್ಮೆಯೂ ಜಗ್ಗಲಿಲ್ಲ. ಆದರೂ ಮೇಲೇಳುವ ಹೊತ್ತಿಗೆ ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು, ಸೊಸೆ ಅದನ್ನು ಪ್ರತಿಸಲವೂ ನೋಡುತ್ತಿದ್ದಳು.