ಮೂವತ್ತೇಳನೇ ಲಕೋಟೆ

ನೂರಾ ಹತ್ತೊಂಬತ್ತು. ಮೂರನೇ ಸಲ ಎಣಿಸಿದರೂ ಅಷ್ಟೇ. ನಿಶಿಮೋರಿ ಕಪ್ಪು ಉಡುಪಿನ ತೋಳನ್ನು ಮೇಲಕ್ಕೆ ಸರಿಸಿ, ಕಬ್ಬಿಣದ ಬೀರುವಿನ ತಳದವರೆಗೂ ಕೈ ಹಾಕಿ ತಡಕಿದಳು. ಧೂಳು ಬಿಟ್ಟರೆ ಏನೂ ಸಿಗಲಿಲ್ಲ. ಮೂವತ್ತಾರನೇ ಲಕೋಟೆಯ ಹಿಂದೆಯೇ ಮೂವತ್ತೆಂಟನೆಯದು ನಿಂತಿತ್ತು.

"ಹತ್ತು ಗಂಟೆಗೆ ಶವಸಂಸ್ಕಾರ. ಇವತ್ತೂ ಎಣಿಸ್ತಾ ಕೂತಿದೀರಾ ನಿಶಿಮೋರಿ-ಸಾನ್?" ಬಾಗಿಲಲ್ಲಿ ಹಿರೋಸೆ ನಿಂತಿದ್ದ. ತೀರಿಕೊಂಡ ಡಾಕ್ಟರ್ ಕುಸುನೋಸೆಯವರ ಕೈಕೆಳಗೆ ಆರು ವರ್ಷ ದುಡಿದ ಕಿರಿಯ ವೈದ್ಯ ಅವನು.

"ಸೋಮವಾರ ತಪಾಸಣೆಯವರು ಬರ್ತಾರೆ. ಒಂದು ಕಮ್ಮಿ ಇದೆ."

"ಯಾವುದು?"

"ಮೂವತ್ತೇಳು."

"ತಾಕೆಮುರನದ್ದಾ." ಹಿರೋಸೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಬೀರುವಿನ ಬೀಗದ ಕೈ ಇರೋದು ಎರಡೇ. ಒಂದು ನಿಮ್ಮ ಹತ್ರ. ಇನ್ನೊಂದು ಅಲ್ಲಿ ಶವಪೆಟ್ಟಿಗೇಲಿ ಮಲಗಿರೋರ ಹತ್ರ."

ಜಪಾನಿನ ಕೋಚಿಯ ಆ ಆಸ್ಪತ್ರೆಯಲ್ಲಿ ಕುಸುನೋಸೆ ಕುಡಿತ ಬಿಡಿಸುವ ಗುಳಿಗೆಯೊಂದನ್ನು ಪರೀಕ್ಷಿಸುತ್ತಿದ್ದರು. ನೂರಿಪ್ಪತ್ತು ಜನ ಕುಡುಕರು. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದರ್ಧಕ್ಕೆ ಅದೇ ಬಣ್ಣದ ಹಿಟ್ಟಿನ ಉಂಡೆ. ಯಾರಿಗೆ ಯಾವುದು ಎಂದು ನುಂಗುವವನಿಗೂ ತಿಳಿಯಬಾರದು, ಕೊಡುವವರಿಗೂ ತಿಳಿಯಬಾರದು. ಒಬ್ಬೊಬ್ಬರಿಗೂ ಒಂದು ಲಕೋಟೆ, ಉತ್ತರ ಅದರೊಳಗೆ. ಪ್ರಾಣಕ್ಕೆ ಬಂದರೆ ಮಾತ್ರ ಒಡೆಯಬೇಕು, ಒಡೆದರೆ ಬರೆದಿಡಬೇಕು, ಆ ಮನುಷ್ಯನನ್ನು ಪರೀಕ್ಷೆಯಿಂದ ಕೈಬಿಡಬೇಕು. ಕದ್ದು ಒಡೆದದ್ದು ಗೊತ್ತಾದರೆ ಆರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸತ್ತವರ ಹೆಸರಿಗೂ ಮಸಿ.

ಲಕೋಟೆಗಳ ಎಣಿಕೆ ವರ್ಷಕ್ಕೊಮ್ಮೆ. ಹೋದ ವರ್ಷ ನೂರಿಪ್ಪತ್ತೂ ಇದ್ದವು.

"ಎಲ್ಲರೂ ಒಂದಲ್ಲ ಒಂದು ಸಲ ಬಾಟ್ಲಿ ಮುಟ್ಟಿದ್ರು. ಅವನೊಬ್ಬ ಮುಟ್ಟಲಿಲ್ಲ," ಅಂದ ಹಿರೋಸೆ. "ಡಾಕ್ಟ್ರು ಲಕೋಟೆ ನೋಡಿ, ಹಿಟ್ಟು ಅಂತ ಗೊತ್ತಾಗಿ, ಒಳಗಿಂದೊಳಗೆ ನಿಜವಾದ್ದು ಕೊಟ್ಟಿದ್ರೆ?"

ನಿಶಿಮೋರಿ ಬೀರುವಿಗೆ ಬೀಗ ಹಾಕಿದಳು. ಅವಳೂ ಅದನ್ನೇ ಯೋಚಿಸುತ್ತಿದ್ದಳು.

*

ತಾಕೆಮುರ ಮೊದಲ ಸಲ ಬಂದದ್ದು ಐದು ವರ್ಷದ ಹಿಂದೆ. ಬೊನಿಟೊ ಮೀನಿನ ದೋಣಿಯವನು, ಕೆಲಸದಿಂದ ತೆಗೆದುಹಾಕಿದ್ದರು. ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗ ಕೈ ಎಷ್ಟು ನಡುಗಿತೆಂದರೆ, ಪೆನ್ನು ಹಾಳೆ ದಾಟಿ ಮೇಜಿನ ಮೇಲೂ ಗೀಚಿತು.

"ಬೆಳಿಗ್ಗೆ ಎಷ್ಟು ಹಾಕಿದ್ರಿ?" ನಿಶಿಮೋರಿ ಕೇಳಿದ್ದಳು.

"ಒಂದು ತೊಟ್ಟೂ ಇಲ್ಲ ಅಕ್ಕ."

"ಬಾಯಿ ಬೇರೆ ಹೇಳ್ತಿದೆ."

ಮೂಸಿ ನೋಡುವುದು, ಉಳಿದ ಗುಳಿಗೆ ಎಣಿಸುವುದು, ಸುಳ್ಳು ಹಿಡಿಯುವುದು ಅವಳ ಕೆಲಸ. ಬರುವ ದಾರಿಯಲ್ಲಿ ತಿಂಗಳ ಗುಳಿಗೆಯನ್ನೆಲ್ಲ ಸಮುದ್ರಕ್ಕೆಸೆದು ಖಾಲಿ ಪಟ್ಟಿ ತೋರಿಸುವವರನ್ನು ಅವಳು ಮುಖ ನೋಡಿಯೇ ಗುರುತಿಸುತ್ತಿದ್ದಳು. ತಾಕೆಮುರ ಆಚೆ ಹೋದ ಮೇಲೆ, "ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇವನು ಮೂರು ತಿಂಗಳು ತಡೀತಾನಾ?" ಎಂದಿದ್ದಳು.

ಕುಸುನೋಸೆ ತಣ್ಣಗಿನ ಅನ್ನದುಂಡೆ ತಿನ್ನುತ್ತಿದ್ದರು. ಮದುವೆ ಇಲ್ಲ, ಮನೆಯಲ್ಲಿ ಕಾಯುವವರಿಲ್ಲ. ಹದಿಮೂರು ವರ್ಷದಿಂದ ಮಧ್ಯಾಹ್ನಕ್ಕೆ ಅದೇ ಎರಡು ಉಂಡೆ.

"ನೀವು ಎಣಿಸಿ ನಿಶಿಮೋರಿ-ಸಾನ್, ನಾನು ನಂಬ್ತೀನಿ. ಒಬ್ಬರೇ ಎರಡೂ ಮಾಡೋಕಾಗಲ್ಲ," ಅಂದಿದ್ದರು.

ಮೇಜಿನ ಮೇಲಿನ ಗೀಚನ್ನು ಅವರು ಒರೆಸಲು ಬಿಡಲಿಲ್ಲ.

*

ಮಂತ್ರಪಠಣ ಮುಗಿದು ಪೆಟ್ಟಿಗೆಯ ಮುಚ್ಚಳ ತೆಗೆದರು. ಜನ ಒಬ್ಬೊಬ್ಬರಾಗಿ ಹೂವು ಹಿಡಿದು ಬಂದು ಕುಸುನೋಸೆಯ ಕೆನ್ನೆಯ ಪಕ್ಕ ಇಡತೊಡಗಿದರು. ಗುರುವಾರ ಆಸ್ಪತ್ರೆಯ ಮೆಟ್ಟಿಲಲ್ಲಿ ಕುಸಿದಾಗ ಆದ ಗಾಯ ಹಣೆಯ ಮೇಲೆ ಹಾಗೇ ಇತ್ತು.

"ಕನ್ನಡಕ ಇಡೋ ಹಾಗಿಲ್ಲವಂತೆ," ಅಂದಳು ಕುಸುನೋಸೆಯ ಅಕ್ಕ ಫುಮಿ. ಎಪ್ಪತ್ತೈದರ ಗಟ್ಟಿ ಮುದುಕಿ. "ಸುಡುವಾಗ ಗಾಜು ಕರಗಿ ಮೂಳೆಗೆ ಅಂಟುತ್ತಂತೆ. ಕಾಗದ, ಬಟ್ಟೆ ಆದ್ರೆ ಇಡಬಹುದಂತೆ. ನೋಡಿ, ಬಸ್ಸಿನ ವೇಳಾಪಟ್ಟಿ ತಂದಿದೀನಿ. ಇವನಿಗೆ ಅದಿಲ್ಲದೆ ಮನೆ ದಾರೀನೇ ಗೊತ್ತಾಗ್ತಿರಲಿಲ್ಲ."

ನಿಶಿಮೋರಿಯ ಕಣ್ಣು ಸಾಲಿನ ಕೊನೆಯಲ್ಲಿತ್ತು. ಎರವಲು ಕೋಟು ತೊಟ್ಟ ತಾಕೆಮುರ ಅಲ್ಲಿ ನಿಂತಿದ್ದ. ಅವಳ ನೋಟ ತಾಗಿದೊಡನೆ ಅವನ ಕೈ ಎದೆಯ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಲು ಮುಂದೆ ಸರಿಯುವಷ್ಟರಲ್ಲಿ ಅವನು ಇನ್ನೂ ಎರಡು ಸಲ ಜೇಬು ಮುಟ್ಟಿದ್ದನ್ನು ಅವಳು ಎಣಿಸಿದಳು.

ಅವನ ಸರದಿ ಬಂತು. ಬಿಳಿ ಸೇವಂತಿಗೆಯ ಅಡಿಯಲ್ಲಿ ಏನನ್ನೋ ಹಿಡಿದು, ಬಗ್ಗಿ, ಹೂವಿನ ಜೊತೆಗೇ ಅದನ್ನು ಕುಸುನೋಸೆಯ ತೋಳಿನ ಕೆಳಗೆ ತುರುಕಿದ. ಕಂದು ಕಾಗದದ ತುದಿಯೊಂದು ಕಂಡಿತು.

ಮುಚ್ಚಳ ಹಿಡಿದವರು ಮುಂದೆ ಬಂದರು. ಇನ್ನು ಅರ್ಧ ಗಂಟೆಯಲ್ಲಿ ಅದು ಬೂದಿ. ನಿಶಿಮೋರಿ ಯೋಚಿಸಲಿಲ್ಲ, ಹೂವಿನೊಳಗೆ ಕೈ ಹಾಕಿ ಎಳೆದುಕೊಂಡಳು.

ಮುಚ್ಚಳ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದರು.

"ನಿಶಿಮೋರಿ-ಸಾನ್," ಅಂದಳು ಫುಮಿ ಮೆಲ್ಲಗೆ, "ಸತ್ತವನಿಗೆ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದಾ?"

"ಕ್ಷಮಿಸಿ ಅಮ್ಮ. ಇದು ಅವರದ್ದಲ್ಲ. ಬೀರುವಿಂದು." ಅವಳ ಮುಖ ಕೆಂಪಾಗಿತ್ತು. ಹದಿನೆಂಟು ವರ್ಷ ಜೊತೆಗೆ ದುಡಿದವರನ್ನು ಹೀಗೆ ಕಳಿಸಿಕೊಟ್ಟೆನಲ್ಲ ಎಂದು ಅಳು ಬಂತು. ಆದರೂ ಲಕೋಟೆ ಬಿಡಲಿಲ್ಲ.

*

ಸ್ಮಶಾನದ ಕಾಯುವ ಕೋಣೆಯಲ್ಲಿ ಪದ್ಧತಿಯಂತೆ ಬಿಯರ್ ಬಾಟಲಿಗಳನ್ನು ಜೋಡಿಸಿದ್ದರು. ಕೋಚಿಯಲ್ಲಿ ಹುಟ್ಟಿದರೂ ಕುಡಿಯಬೇಕು, ಸತ್ತರೂ ಕುಡಿಯಬೇಕು. ತಾಕೆಮುರ ಬಾರ್ಲಿ ಚಹಾದ ಲೋಟ ಹಿಡಿದು ಮೂಲೆಯಲ್ಲಿ ಕೂತಿದ್ದ. ನಿಶಿಮೋರಿ ಎದುರಿಗೆ ಕೂತಳು. ಅಭ್ಯಾಸಬಲದಿಂದ ಉಸಿರು ಮೂಸಿದಳು. ಬರೀ ಚಹಾ. ಹಿರೋಸೆ ಹಿಂದೆಯೇ ಬಂದು ನಿಂತ.

"ಕದ್ದಿದ್ದಾ?" ಕೇಳಿದಳು ನಿಶಿಮೋರಿ.

"ಅವರೇ ಕೊಟ್ಟಿದ್ದು. ಹನ್ನೊಂದು ತಿಂಗಳಾಯ್ತು." ತಾಕೆಮುರ ಲೋಟ ಕೆಳಗಿಟ್ಟ. "ನನ್ನ ತಮ್ಮ ದೋಣಿಯಿಂದ ಬಿದ್ದು ಹೋದ್ನಲ್ಲ, ಆ ವಾರ. ನೇರ ಬಂದು ಮೇಜು ಗುದ್ದಿದೆ. ನಾನು ನುಂಗ್ತಿರೋದು ಔಷಧಾನೋ ಹಿಟ್ಟೋ ಈಗ್ಲೇ ಹೇಳಿ, ಹಿಟ್ಟಾದ್ರೆ ನೆಟ್ಟಗೆ ಹೆಂಡದಂಗಡಿಗೆ ಹೋಗ್ತೀನಿ ಅಂದೆ. ಡಾಕ್ಟ್ರು ಬೀರು ತೆಗೆದು ಇದನ್ನ ಕೈಗೆ ಕೊಟ್ರು. ಒಡೆದ್ರೆ ನೀನು ಪರೀಕ್ಷೆಯಿಂದ ಹೊರಗೆ, ನಾನೂ ಕೆಲಸದಿಂದ ಹೊರಗೆ, ಇವತ್ತೊಂದು ದಿನ ತಡಿ, ನಾಳೆ ಒಡಿ ಅಂದ್ರು. ಮಾರನೇ ದಿನ ಫೋನ್ ಮಾಡಿ ಮತ್ತೆ, ನಾಳೆ ಒಡಿ ಅಂದ್ರು. ದಿನಾ ಇದೇ."

"ಗುರುವಾರ?"

"ಬೆಳಿಗ್ಗೆ ಏಳಕ್ಕೆ ಮಾಡಿದ್ರು. ಶುಕ್ರವಾರ ಮಾಡಲಿಲ್ಲ. ಇನ್ನು ನಾಳೆ ಅನ್ನೋರಿಲ್ಲ. ನನ್ನ ಹತ್ರ ಇದ್ರೆ ಒಡೆದುಬಿಡ್ತೀನೇನೋ ಅಂತ ಭಯ. ಅವರ ಜೊತೇಲೇ ಸುಟ್ಟುಹೋಗ್ಲಿ ಅಂತ ಇಟ್ಟೆ."

"ಕತೆ ಚೆನ್ನಾಗಿದೆ," ಅಂದ ಹಿರೋಸೆ. "ಆವಿ ಹಿಡಿದ್ರೆ ಯಾವ ಅಂಟಾದ್ರೂ ಬಿಡುತ್ತೆ. ಕುಡುಕನ ಜೇಬಲ್ಲಿ ಹನ್ನೊಂದು ತಿಂಗಳಿತ್ತು, ಒಡೆದಿರಲಿಲ್ಲ ಅಂದ್ರೆ ತಪಾಸಣೆಯವರು ನಗ್ತಾರೆ."

ನಿಶಿಮೋರಿ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆವರು, ಮೀನಿನ ವಾಸನೆ. ಮೂಲೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು. ಅಂಟಿನ ಗೆರೆಯ ಮೇಲೆ ಅರ್ಧ ಆಚೆ, ಅರ್ಧ ಈಚೆ ಕೆಂಪು ಮುದ್ರೆ. ಅದು ಅವಳದೇ ಮುದ್ರೆ. ನೂರಿಪ್ಪತ್ತಕ್ಕೂ ಅವಳೇ ಒಂದು ಮಧ್ಯಾಹ್ನ ಕೂತು ಒತ್ತಿದ್ದಳು. ಮಾರನೇ ದಿನವೇ ಆ ಮುದ್ರೆ ಕೈಜಾರಿ ಅಂಚು ಸೀಳಿ, ಬೇರೆ ಮಾಡಿಸಿಕೊಂಡಿದ್ದಳು. ಇನ್ನೊಬ್ಬರು ಒತ್ತುವುದಿರಲಿ, ಅವಳೇ ಮತ್ತೊಮ್ಮೆ ಒತ್ತಲಾರಳು. ಉಗುರಿನಿಂದ ಗೆರೆಯುದ್ದಕ್ಕೂ ಸವರಿದಳು. ಎಲ್ಲೂ ಎದ್ದಿರಲಿಲ್ಲ. ಎರಡು ಅರ್ಧಗಳ ನಡುವೆ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

"ಇದನ್ನ ಬೀರುವಿನಲ್ಲಿ ಇಡ್ತೀನಿ," ಅಂದಳು. "ಡಾಕ್ಟ್ರು ನಿಯಮ ಮೀರಿ ಹೊರಗೆ ಕೊಟ್ಟಿದ್ರು ಅಂತ ಬರೀತೀನಿ. ಯಾರೂ ಒಡೆದಿಲ್ಲ ಅಂತಾನೂ ಬರೀತೀನಿ."

"ನಿಮ್ಮನ್ನೂ ಅನುಮಾನಿಸ್ತಾರೆ," ಅಂದ ಹಿರೋಸೆ.

"ಅನುಮಾನಿಸ್ಲಿ. ಅದು ಅವರ ಕೆಲಸ."

ತಾಕೆಮುರ ಖಾಲಿ ಜೇಬು ಮುಟ್ಟಿಕೊಂಡ. "ಒಳಗೇನಿದೆ ಅಂತ ನನಗೆ ಯಾವತ್ತೂ ಹೇಳ್ಬೇಡಿ ಅಕ್ಕ."

"ಇವತ್ತಂತೂ ಹೇಳಲ್ಲ," ಅಂದಳು ನಿಶಿಮೋರಿ. "ನಾಳೆ ಫೋನ್ ಮಾಡ್ತೀನಿ. ಏಳಕ್ಕೆ."

ಒಳಗಿನಿಂದ ಕರೆ ಬಂತು. ಬೆಳ್ಳಗೆ ಸುಟ್ಟ ಮೂಳೆಗಳ ಸುತ್ತ ನಿಂತವರು ತೀರಾ ಕಡಿಮೆ. ಇಬ್ಬಿಬ್ಬರು ಸೇರಿ ಉದ್ದನೆಯ ಕಡ್ಡಿಗಳಿಂದ ಒಂದೊಂದು ಮೂಳೆ ಎತ್ತಿ ಮಡಕೆಗೆ ಹಾಕಬೇಕು. ಫುಮಿ ಸುತ್ತ ನೋಡಿದಳು. ನಿಶಿಮೋರಿಯ ಮೇಲಿನ ಮುನಿಸು ಅವಳ ಮುಖದಲ್ಲಿ ಇನ್ನೂ ಇತ್ತು.

"ನೀವಿಬ್ಬರೂ ಬನ್ನಿ," ಅಂದಳು. "ಇವನಿಗೆ ಮನೆಯೋರು ಅಂತ ಇನ್ಯಾರಿದ್ರು."

ನಿಶಿಮೋರಿ ಒಂದು ಬದಿಯಿಂದ, ತಾಕೆಮುರ ಇನ್ನೊಂದು ಬದಿಯಿಂದ ಕುಸುನೋಸೆಯ ಬಲಗೈಯ ಚಿಕ್ಕ ಮೂಳೆಯೊಂದನ್ನು ಹಿಡಿದರು. ಮಡಕೆ ಒಂದು ಮಾರು ದೂರದಲ್ಲಿತ್ತು. ಅರ್ಧದಾರಿಯಲ್ಲಿ ಅವಳ ಕಡ್ಡಿಗಳು ಕಟಕಟನೆ ನಡುಗತೊಡಗಿ, ಮೂಳೆ ಜಾರುವಂತಾಯಿತು.

"ನಿಧಾನ ಅಕ್ಕ," ಅಂದ ತಾಕೆಮುರ. ಅವನ ಕಡ್ಡಿಗಳು ಅಲುಗಲಿಲ್ಲ. ಅವಳ ನಡುಕ ನಿಲ್ಲುವ ತನಕ ಮೂಳೆಯ ಅಷ್ಟೂ ಭಾರವನ್ನು ತನ್ನ ಕಡೆಯಿಂದಲೇ ಹಿಡಿದು ನಿಂತ.