ಎಕ್ಸ್‌ಚೇಂಜ್ ಅಜ್ಜಿಯ ಜಾಣಕಿವುಡು

ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಎಂಬ ಸಂಗತಿ ಮೊದಲು ಗೊತ್ತಾದದ್ದು ಅಜ್ಜಿಗಲ್ಲ, ಅವಳ ಮಗನಿಗೆ. ಒಂದು ಚಳಿಗಾಲದಲ್ಲಿ ನೆಗಡಿ ಹೆಚ್ಚಾಗಿ ಆಕೆ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದಳು. ಮಗ ಕರೆದ, ಮತ್ತೆ ಕರೆದ, ಕೊನೆಗೆ ಕಿರುಚಿದ. ನೆಗಡಿಯ ಬೇಸರಕ್ಕೆ ಆಕೆ ಓಗೊಡಲಿಲ್ಲ. ಹೆಂಡತಿಯ ಕಡೆ ತಿರುಗಿ, "ಅಮ್ಮಂಗೆ ಕಿವಿ ಹೋಯ್ತು ಕಣೇ," ಎಂದು ಘೋಷಿಸಿಬಿಟ್ಟ. ಆತ ವಿಮಾ ಕಚೇರಿಯಲ್ಲಿ ಮೇಲ್ವಿಚಾರಕ. ಒಮ್ಮೆ ಘೋಷಿಸಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲ.

ಹತ್ತಿಯ ಒಳಗಿಂದಲೂ ಅಜ್ಜಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಹತ್ತಿ ಕಿತ್ತೆಸೆದು ಮಗನಿಗೆ ಮಂಗಳಾರತಿ ಮಾಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆ, "ಮೆಲ್ಲಗೆ ಮಾತಾಡಿ," ಎಂದಳು. ಮಗ, "ಇನ್ನು ಮೆಲ್ಲಗೆ ಯಾಕೆ? ಅವರಿಗೆ ಕೇಳಿಸಲ್ವಲ್ಲ," ಎಂದು ತನ್ನ ಅಕ್ಕ ಹೋದ ಸಲ ಬಂದಾಗ ಏನೇನು ಅಂದಿದ್ದಳೆಂದು ಶುರು ಮಾಡಿದ. ಅಜ್ಜಿ ತೆರೆದ ಬಾಯನ್ನು ಆಕಳಿಕೆಯಾಗಿ ಬದಲಾಯಿಸಿ ಮುಚ್ಚಿಕೊಂಡಳು.

ಅಲ್ಲಿಂದ ಆಕೆ ಕಿವುಡಿಯಾದಳು.

ಇದನ್ನು ದುರ್ಬುದ್ಧಿ ಎನ್ನುವ ಮೊದಲು ಆಕೆಯ ಕಸುಬನ್ನು ನೆನೆಯಬೇಕು. ಪ್ರಾಯವೆಲ್ಲ ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಂದೂರಿಗೆ ಲೈನು ಜೋಡಿಸಿದವಳು. ಯಾರ ಸಂಬಂಧ ಕೂಡಿತು, ಯಾರದು ಮುರಿಯಿತು, ಯಾರ ಮನೆಯಲ್ಲಿ ಕೂಸು ಹುಟ್ಟಿತು ಎನ್ನುವುದು ಸಂಬಂಧಪಟ್ಟವರಿಗಿಂತ ಒಂದು ಉಸಿರು ಮುಂಚೆ ಆಕೆಗೆ ಗೊತ್ತಾಗುತ್ತಿತ್ತು. ಲೈನು ಜೋಡಿಸಿದ ಕೂಡಲೇ ಕಿವಿ ತೆಗೆಯಬೇಕು ಎಂಬುದು ನಿಯಮ. ಮೇಲ್ವಿಚಾರಕಿ ಹಿಂದೆ ನಿಂತಿದ್ದಾಗಲೆಲ್ಲ ಆಕೆ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದಳು. ಕಾಲ ಬದಲಾಗಿ ವೈರುಗಳು ಹೋದವು, ನೌಕರಿಯೂ ಮುಗಿಯಿತು. ಬೀದಿಯವರ ಬಾಯಲ್ಲಿ 'ಎಕ್ಸ್‌ಚೇಂಜ್ ಅಜ್ಜಿ' ಎಂಬ ಹೆಸರೊಂದು ಉಳಿಯಿತು, ಜೊತೆಗೆ ಕೆಲಸವಿಲ್ಲದ ಎರಡು ಚುರುಕು ಕಿವಿಗಳು.

ಆದರೆ ಜಾಣಕಿವುಡು ಪುಕ್ಕಟೆ ಬರುವುದಿಲ್ಲ. ಒಲೆಯ ಮೇಲೆ ಕುಕ್ಕರು ಕೂಗುತ್ತದೆ, ಕಿವುಡಿ ಏಳುವಂತಿಲ್ಲ. ಹೀಗೆ ಬೇಳೆ ತಳ ಹತ್ತಿತು. ಬಾಗಿಲ ಗಂಟೆ ಬಾರಿಸಿ ಬಾರಿಸಿ ಗ್ಯಾಸಿನವನು ಸಿಲಿಂಡರು ಸಮೇತ ವಾಪಸ್ ಹೋದ. ಹಾಲು ಉಕ್ಕಿ ಒಲೆ ಆರಿತು. ಪ್ರತಿ ಸಲವೂ ಮಗ, "ಪಾಪ, ಅಮ್ಮಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಮರುಗಿದರೆ, ಅಜ್ಜಿ ಗೋಡೆಯಂಥ ಮುಖ ಮಾಡಿಕೊಂಡು, "ಹಾಂ? ಏನಂದೆ?" ಎನ್ನುತ್ತಿದ್ದಳು.

ಅಜ್ಜಿಯ ಲೆಕ್ಕದಲ್ಲಿ ಗುಟ್ಟು ಗೊತ್ತಿದ್ದದ್ದು ಮೊಮ್ಮಗಳೊಬ್ಬಳಿಗೇ. ಅವಳನ್ನು ಎಲ್ಲರೂ ಕರೆಯುವುದು ಚೂಟಿ ಎಂದು. ವಯಸ್ಸಿಗೆ ಮೀರಿದ ಕಣ್ಣು, ವಯಸ್ಸಿಗೆ ಸಾಲದ ಎತ್ತರ. ಅಜ್ಜಿಯ ಕೋಣೆಯಲ್ಲೇ ಅವಳ ಮಂಚ. ಒಂದು ದಿನ ಚೂಟಿ ಅಜ್ಜಿಗೆ ಬೆನ್ನು ಹಾಕಿ ಕೂತು, ಲೆಕ್ಕದ ಮಿಸ್ಸು ಮೂಗು ಏರಿಸಿ ಮಾತಾಡುವುದನ್ನು ತನ್ನ ಪಾಡಿಗೆ ಅಣಕಿಸುತ್ತಿದ್ದಳು. ಹಿಂದಿನಿಂದ ಅಜ್ಜಿ ಕಿಸಕ್ಕನೆ ನಕ್ಕುಬಿಟ್ಟಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು, "ಯಾರ ಹತ್ರಾನೂ ಬಾಯಿ ಬಿಡಬಾರದು," ಎಂದು ಆಣೆ ಹಾಕಿಸಿಕೊಂಡಳು.

"ಬಾಯಿ ಬಿಡಲ್ಲ ಅಜ್ಜಿ," ಎಂದಳು ಚೂಟಿ.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ 'ಹಿರಿಯರೇ ಮನೆಯ ದೀಪ' ಎಂಬ ನಾಟಕ ನಿಗದಿಯಾಯಿತು. ಬರೆದವರೂ ಆಡಿಸುವವರೂ ನಾಟಕದ ಮಿಸ್ಸು. ಅಜ್ಜಿಯ ಪಾತ್ರ ಚೂಟಿಗೆ ಬಂತು. ಕಾರಣ ಪ್ರತಿಭೆಯಲ್ಲ. ಶಾಲೆಯಲ್ಲಿದ್ದ ಬಿಳಿಕೂದಲ ವಿಗ್ಗು ಅವಳೊಬ್ಬಳ ತಲೆಗೇ ಸರಿಹೋಗುತ್ತಿತ್ತು. ನಾಟಕದ ಅಜ್ಜಿ ಪ್ರತಿ ದೃಶ್ಯದಲ್ಲೂ ಬೆರಳೆತ್ತಿ ಉಪದೇಶ ಮಾಡುತ್ತಾಳೆ: ಹಲ್ಲುಜ್ಜಿ, ದೀಪ ಆರಿಸಿ, ನೀರು ಉಳಿಸಿ. ಮಗ ಸೊಸೆ ಇಬ್ಬರೂ ಕೈಕಟ್ಟಿ ನಿಂತು, 'ನಿಮ್ಮ ಮಾತು ನೂರಕ್ಕೆ ನೂರು ಸತ್ಯ' ಎನ್ನುತ್ತಾರೆ.

ಚೂಟಿ ತನ್ನ ಪಾತ್ರದ ಮಾತು ಒಪ್ಪಿಸಿದಾಗ ಅಜ್ಜಿ ಮೆಲ್ಲಗೆ ಕೇಳಿದಳು, "ಇಂಥ ಮಗ ಸೊಸೆ ಯಾವ ಅಂಗಡೀಲಿ ಸಿಗ್ತಾರಂತೆ?"

"ಗೊತ್ತಿಲ್ಲ ಅಜ್ಜಿ. ಆದ್ರೆ ಮಿಸ್ಸು ಹೇಳಿದ್ದಾರೆ, ಮನೇಲಿ ನಿಮ್ಮ ಅಜ್ಜೀನ ಚೆನ್ನಾಗಿ ಗಮನಿಸಿ, ಹಾಗೇ ಮಾಡಿ ಅಂತ."

ಅಜ್ಜಿಗೆ ಹೆಮ್ಮೆಯಾಯಿತು. ಬರಲಿರುವ ಗಂಡಾಂತರ ಹೊಳೆಯಲಿಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನ ವಾಷಿಂಗ್ ಮೆಷಿನ್ನಿನ ಪೈಪು ಕಳಚಿಕೊಂಡಿತು. ಅಜ್ಜಿ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಸ್ವೆಟರು ಹೆಣೆಯುತ್ತಿದ್ದಳು. ಒಂದು ಕಿವಿಗೆ ಬಚ್ಚಲಿನ ಕಡೆಯಿಂದ ಗುಳುಗುಳು ಸದ್ದು ಬಿತ್ತು. ಇನ್ನೊಂದು ಕಿವಿಗೆ ಅದೇ ಹೊತ್ತಿಗೆ ಅಡುಗೆಮನೆಯಿಂದ ಸೊಸೆಯ ದನಿ ಬಿತ್ತು.

"ನಮ್ಮ ಕೋಣೇಲಿ ಆ ಟ್ರೆಡ್‌ಮಿಲ್ ಇಟ್ಕೊಂಡು ಕಾಲಿಡೋಕೆ ಜಾಗ ಇಲ್ಲ. ಅತ್ತೆ ಕೋಣೇಲಿ ಇಟ್ಟು, ಅತ್ತೇನ ನಡುಮನೇಲಿ ಮಲಗಿಸೋಣವಾ?"

ಆ ಟ್ರೆಡ್‌ಮಿಲ್ ಮನೆಗೆ ಬಂದಾಗಿನಿಂದ ಅದರ ಮೇಲೆ ನಡೆದವರು ಯಾರೂ ಇರಲಿಲ್ಲ. ಒದ್ದೆ ಟವೆಲ್ಲುಗಳು ಮಾತ್ರ ಅದರ ಮೇಲೆ ಹಾಯಾಗಿ ಒಣಗುತ್ತಿದ್ದವು. ಆ ಟವೆಲ್ಲುಗಳಿಗಾಗಿ ತನ್ನ ಕೋಣೆ! ಅಜ್ಜಿಯ ರಕ್ತ ಕುದಿಯಿತು. ಎದ್ದರೆ ಮಗ ಏನು ಹೇಳುತ್ತಾನೆಂದು ತಿಳಿಯುವುದಿಲ್ಲ, ಏಳದಿದ್ದರೆ ಮನೆಯೆಲ್ಲ ಕೆರೆ. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು; ಉಗುಳಲಾರಳು, ನುಂಗಲಾರಳು. ಕಿವಿ ನಿಮಿರಿಸಿ ಕೂತೇ ಇದ್ದಳು.

"ನೋಡೋಣ," ಎಂದ ಮಗ. ವಿಮಾ ಕಚೇರಿಯಲ್ಲೂ ಆತ ಎಲ್ಲದಕ್ಕೂ ಹೇಳುವುದು ಅದನ್ನೇ.

ಅಷ್ಟರಲ್ಲಿ ನೀರು ಹೊಸಿಲು ದಾಟಿ ಒಳಗೆ ಬಂತು. ಚೂಟಿಯ ವಿಗ್ಗು ನೆಲದ ಮೇಲೆ ಚೀಲದಲ್ಲಿತ್ತು. ಎಲ್ಲರೂ ಓಡಿ ಬಂದಾಗ ಅದು ಬಾವಿಗೆ ಬಿದ್ದ ಬೆಕ್ಕಿನಂತೆ ತೇಲುತ್ತಿತ್ತು. ಚೂಟಿ ಹೋ ಎಂದು ಅತ್ತಳು. ಮಗ ನೀರು ಬಳಿಯುತ್ತಾ, "ಅಮ್ಮಂಗೆ ಕೇಳಿಸಿದ್ರೆ ಆಗಲೇ ನಿಲ್ಲಿಸ್ತಿದ್ರು, ಪಾಪ," ಎಂದ.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಾಣದಿದ್ದರೂ ಕಾಣುತ್ತದೆ ಎನ್ನುವವರು, ಕಂಡರೂ ಇಲ್ಲ ಎನ್ನುವವರು, ಎಲ್ಲರನ್ನೂ ದಿನಾ ನೋಡುವವಳು. ಅವಳು ನೋಡಿದ್ದು ಅತ್ತೆಯ ಪಾದಗಳನ್ನು. ಎರಡೂ ಕುರ್ಚಿಯ ಮೇಲೆ ಮಡಚಿಕೊಂಡಿದ್ದವು. ನೂಲಿನ ಉಂಡೆಯೂ ಮಡಿಲಿಗೆ ಏರಿತ್ತು. ಒಂದು ಹನಿ ನೀರು ತಾಗಿರಲಿಲ್ಲ.

ವಿಗ್ಗನ್ನು ಟ್ರೆಡ್‌ಮಿಲ್ಲಿನ ಹಿಡಿಗೆ ಸಿಕ್ಕಿಸಿ ಒಣಗಿಸಿದರು. ಒಂದು ಪಕ್ಕದ ಕೂದಲು ಸೆಟೆದು ನಿಂತಿತು. ಅದನ್ನೇ ಹಾಕಿಕೊಂಡು ಚೂಟಿ ಶಾಲೆಗೆ ಹೋದಳು.

ಶಾಲೆಯ ಸಭಾಂಗಣದಲ್ಲಿ ಅತಿಥಿಗಳಿಗೆ ಸೋಫಾ, ಹಿರಿಯರಿಗೆ ಮಡಚುವ ಕುರ್ಚಿ. ಮಗ ಓಡಾಡಿ, ಕಿವಿ ಮಂದವಾದವರಿಗೆಂದೇ ಬಿಟ್ಟಿದ್ದ ಜಾಗ ಹಿಡಿದು ಅಮ್ಮನನ್ನು ಕೂರಿಸಿದ. ಅದು ಧ್ವನಿವರ್ಧಕದ ನೇರ ಕೆಳಗಿತ್ತು. ಮುಖ್ಯ ಅತಿಥಿ ಹಾಸಿಗೆ ಕಾರ್ಖಾನೆಯ ಮಾಲೀಕರು. ಹಿರಿಯರನ್ನು ಕಾಯಿಸಬಾರದು, ನೋಯಿಸಬಾರದು ಎಂದು ಅವರು ಎಷ್ಟು ಹೊತ್ತು ಮಾತಾಡಿದರೆಂದರೆ ಹಿರಿಯರಲ್ಲಿ ಅರ್ಧದಷ್ಟು ಜನ ನಿದ್ದೆ ಹೋದರು. ಅಜ್ಜಿಗೆ ಆ ಭಾಗ್ಯವೂ ಇರಲಿಲ್ಲ. ಪ್ರತಿ ಮಾತೂ ತಲೆಗೆ ಮೊಳೆ ಹೊಡೆದಂತೆ ಬೀಳುತ್ತಿದ್ದರೂ ಕಣ್ಣು ಮಿಟುಕಿಸದೆ ಕೂತಿದ್ದಳು.

"ಏನಾದ್ರೂ ಕೇಳಿಸ್ತಾ ಇದೆಯಾ ಅಮ್ಮ?" ಎಂದು ಮಗ ಕೂಗಿದ.

"ಸ್ವಲ್ಪ ಸ್ವಲ್ಪ," ಎಂದಳು ಅಜ್ಜಿ.

ಪರದೆ ಸರಿಯಿತು. ಚೂಟಿ ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಹಲ್ಲುಜ್ಜುವ ಉಪದೇಶ ಒಪ್ಪಿಸಿದಳು. ಮಗನಾಗಿದ್ದ ಹುಡುಗ, 'ನಿಮ್ಮ ಮಾತು ನೂರಕ್ಕೆ' ಎಂದವನು ಅಲ್ಲೇ ನಿಂತುಬಿಟ್ಟ. ಎಷ್ಟು ಎನ್ನುವುದು ಅವನಿಗೆ ಮರೆತುಹೋಗಿತ್ತು.

ಚೂಟಿ ಕೈಯನ್ನು ಕಿವಿಗೆ ಆನಿಸಿಕೊಂಡು, "ಹಾಂ? ಏನಂದೆ? ಗಟ್ಟಿಯಾಗಿ ಹೇಳಪ್ಪಾ," ಎಂದಳು.

ಜನ ನಕ್ಕರು. ಹುಡುಗ ಗಾಬರಿಯಾಗಿ ಸೊಸೆಯ ಪಾತ್ರದ ಹುಡುಗಿಯ ಕಿವಿಯಲ್ಲಿ, ಮುಂದೇನು ಎಂದು ಪಿಸುಗುಟ್ಟಿದ. ಅಷ್ಟು ಸಿಕ್ಕಿದ್ದೇ ತಡ, ಚೂಟಿಯ ಕತ್ತು ಚಿಪ್ಪಿನಿಂದ ಆಮೆಯ ತಲೆ ಬರುವಂತೆ ಅವರ ಕಡೆ ಉದ್ದವಾಗತೊಡಗಿತು. ಇಬ್ಬರೂ ತಿರುಗಿ ನೋಡಿದಾಗ ಕತ್ತು ಒಳಗೆ, ಮುಖ ಗೋಡೆ. ಅವರು ಆಚೆ ತಿರುಗಿದರೆ ಮತ್ತೆ ಕತ್ತು ಹೊರಗೆ. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಾಟಕದ ಮಿಸ್ಸು ಪರದೆಯ ಸಂದಿಯಿಂದ ಮುಂದಿನ ಮಾತು ನೆನಪಿಸಲು, "ನೀರು! ನೀರು!" ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು.

ಚೂಟಿ ನೆಲದ ಕಡೆ ಓರೆಗಣ್ಣು ಹಾಕಿ, ಅವಸರವಿಲ್ಲದೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡಳು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವಳ ಅಪ್ಪ. "ಅಯ್ಯೋ, ಥೇಟ್ ನಮ್ಮ..." ಎಂದವನು ನಡುವೆಯೇ ನಿಂತ. ನಗು ಮುಖದ ಮೇಲೆ ಹಾಗೇ ಹೆಪ್ಪುಗಟ್ಟಿತು. ನಿಧಾನವಾಗಿ ಪಕ್ಕಕ್ಕೆ ತಿರುಗಿ, ಆ ಗದ್ದಲದ ನಡುವೆ ಪಿಸುದನಿಯಲ್ಲಿ, "ಅಮ್ಮಾ..." ಎಂದ.

"ಏನೋ?" ಎಂದಳು ಅಜ್ಜಿ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅಜ್ಜಿ ಮೊಮ್ಮಗಳನ್ನು ಹಿಡಿದುಕೊಂಡಳು. "ಬಾಯಿ ಬಿಡಲ್ಲ ಅಂದಿದ್ದೆ?"

"ನಾನೆಲ್ಲಿ ಬಿಟ್ಟೆ? ಕಾಲು ಎತ್ತಿದೆ ಅಷ್ಟೇ," ಎಂದಳು ಚೂಟಿ. ಅವಳ ಕೈಯಲ್ಲಿ ಸಹಜ ಅಭಿನಯಕ್ಕೆಂದು ಮುಖ್ಯ ಅತಿಥಿಗಳು ಕೊಟ್ಟ ದಿಂಬು ಇತ್ತು.

ಮಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಈವರೆಗೆ ಏನೇನು ಆಡಿದ್ದೆನೋ ಎಂದು ಒಂದೊಂದೇ ನೆನಪಾಗಿ ಮುಖ ಹುಳ್ಳಗಾಗುತ್ತಿತ್ತು. "ನೀನಾದ್ರೂ ಹೇಳೇ," ಎಂದು ಹೆಂಡತಿಯ ಕಡೆ ನೋಡಿದ. ಅವಳು ನಿಶ್ಚಿಂತೆಯಾಗಿ ಚಪ್ಪಲಿ ಬಿಚ್ಚುತ್ತಿದ್ದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕುಕ್ಕರು ಕೂಗಿದಾಗೆಲ್ಲ ಅತ್ತೆ ಕೈಲಿ ಹೆಣಿಗೆ ತಪ್ತಿತ್ತು. ಅವರು ಮಾಡಿದ ಸಾರಿಗೆ ಉಪ್ಪು ಜಾಸ್ತಿ ಅಂತ ಅವರ ಮುಖಕ್ಕೆ ಹೇಳೋ ಧೈರ್ಯ ನನಗಿಲ್ಲ. ಅವರಿಗೆ ಕೇಳೋ ಹಾಗೆ ನಿಮ್ಮ ಹತ್ರ ಹೇಳಿದ್ರೆ ಮಾರನೇ ದಿನ ತಾನಾಗೇ ಕಮ್ಮಿ ಆಗ್ತಿತ್ತು."

ಅಜ್ಜಿಗೆ ಕೆನ್ನೆಗೆ ಬಾರಿಸಿದಂತಾಯಿತು. ಇಷ್ಟು ದಿನ ಮಂದಿಯ ಲೈನಿಗೆ ಕಿವಿ ಕೊಟ್ಟಿದ್ದೇನೆ ಅಂದುಕೊಂಡಿದ್ದಳು. ಬಂದದ್ದೆಲ್ಲ ತನ್ನ ಹೆಸರಿಗೇ ಬಂದ ಕರೆ!

"ಹಾಗಾದ್ರೆ ನನ್ನ ನಡುಮನೇಗೆ ಹಾಕೋ ಮಾತು? ಅದೂ ನನಗೇ ಹೇಳಿದ್ದಾ?"

"ಮತ್ತಿನ್ನಾರಿಗೆ ಅತ್ತೆ? ಆ ಟ್ರೆಡ್‌ಮಿಲ್ ತಂದೋರು ಇವರು. ನಾನು ಬೇಡ ಅಂದ್ರೆ ಕೇಳಲ್ಲ. ನೀವು ಸಿಟ್ಟಾಗಿ ಎದ್ದು ಬಂದು ಗಲಾಟೆ ಮಾಡ್ತೀರಿ, ಆ ನೆಪದಲ್ಲಿ ಅದನ್ನ ಸಾಗಹಾಕಬಹುದು ಅಂತ ಕಾಯ್ತಾ ಇದ್ದೆ. ನೀವು ನೋಡಿದ್ರೆ ನೀರು ಬಂದ್ರೂ ಏಳಲಿಲ್ಲ!"

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಕಿವಿ ಬಿಟ್ಟು ಕೇಳೋಕೆ ನಿಮಗೇನಾಗಿತ್ತು?"

ಅಲ್ಲಿಂದ ಜಗಳ ಶುರುವಾಯಿತು. ಉಪ್ಪಿನಿಂದ ಹಿಡಿದು ತಳ ಹತ್ತಿದ ಬೇಳೆಯವರೆಗೆ, ಗ್ಯಾಸಿನವನಿಂದ ಮಗನ ಅಕ್ಕನವರೆಗೆ, ಅದುಮಿಟ್ಟದ್ದೆಲ್ಲ ಹೊರಗೆ ಬಂತು. ಇಬ್ಬರೂ ಮನಸಾರೆ ಕೂಗಾಡಿದರು. ಎಷ್ಟೋ ಕಾಲದ ಮೇಲೆ ಎದುರು ಬದುರು ನಿಂತು ಮಾತಾಡುವುದು ಅಜ್ಜಿಗೆ ಒಳ್ಳೆ ಊಟ ಮಾಡಿದಂತಿತ್ತು. ನಡುವೆ ಮಗ, "ನೋಡೋಣ," ಎನ್ನಲು ಹೋದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಭಾನುವಾರ ಅವನ ಕಚೇರಿಯ ಗೆಳೆಯನೊಬ್ಬ ವ್ಯಾನು ತಂದು ಟ್ರೆಡ್‌ಮಿಲ್ಲನ್ನು ಹೇರಿಕೊಂಡು ಹೋದ.

ಕುಕ್ಕರು, ಹಾಲು, ಬಾಗಿಲ ಗಂಟೆ ಎಲ್ಲವೂ ಈಗ ಅಜ್ಜಿಯ ಪಾಲಿಗೆ ಬಂದವು. ಗೊಣಗಿಕೊಂಡೇ ಏಳುತ್ತಿದ್ದಳು.

ವಾರ್ಷಿಕೋತ್ಸವದ ರಜೆ ಮುಗಿದು ಶಾಲೆ ಮತ್ತೆ ಶುರುವಾದ ದಿನ ಚೂಟಿ ಮೂತಿ ಉದ್ದ ಮಾಡಿಕೊಂಡು ಬಂದಳು. ಬರೆದುಕೊಟ್ಟಿದ್ದನ್ನು ಬಿಟ್ಟು ಆಡಿದ್ದಕ್ಕೆ ಬರುವ ವರ್ಷ ಅವಳಿಗೆ ಮರದ ಪಾತ್ರವಂತೆ, ಅಲ್ಲಾಡಲೂ ಬಾರದಂತೆ. ಮಾರನೆಯ ದಿನ ಅಜ್ಜಿ ಶಾಲೆಗೆ ಹೋಗಿ ನಾಟಕದ ಮಿಸ್ಸಿನ ಮೇಜಿನ ಮುಂದೆ ಕೂತಳು.

"ಮರ ಆದ್ರೆ ಆಗಲಿ ಮಿಸ್ಸಮ್ಮ. ಆದ್ರೆ ಮಾತಾಡೋ ಮರ ಕೊಡಿ."

"ಮರ ಮಾತಾಡಲ್ಲ ಅಜ್ಜಿ."

"ನೂರಕ್ಕೆ ನೂರು ಸತ್ಯ ಅನ್ನೋ ಸೊಸೇನ ತೋರಿಸಿದ್ರಿ. ಮಾತಾಡೋ ಮರಕ್ಕೇನು ಬರ?"

ಮಿಸ್ಸು ಮೆಲ್ಲಗೆ ಏನೋ ಗೊಣಗಿಕೊಂಡರು. ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಅದೂ ಕೇಳಿಸ್ತು," ಎಂದಳು. ಸಾಕಷ್ಟು ಚೌಕಾಸಿಯಾದ ಮೇಲೆ, ಎರಡು ಮಾತಿರುವ ಮರ ಎಂದು ಒಪ್ಪಂದವಾಯಿತು.